ಇಂದಿನ ಚಿಂತನೆ: ಮೈಯಲ್ಲೇ ಉಳಿದ ಹಿಮ



ಎರಡು ದಿನದಿಂದ ನಮ್ಮ ಪಾಮನಕಲ್ಲೂರಿನಲ್ಲಿ ಚಳಿ ಸ್ವಲ್ಪ ಜೋರು. ಮಕ್ಕಳು ಸ್ವೆಟರ್ ಮೇಲೆ ಟವೆಲ್ ಸುತ್ತಿಕೊಂಡು ಶಾಲೆಗೆ ಬರುತ್ತಿದ್ದಾರೆ. ಬೆಳಿಗ್ಗೆ ಬಿಳಿಜೋಳದ ಹೊಲದ ಕಡೆ ಹೋದರೆ ಇಬ್ಬನಿಗೆ ಪ್ಯಾಂಟು ಮೊಣಕಾಲಿನವರೆಗೆ ತೊಯ್ಯುತ್ತದೆ. ವರ್ಷವೆಲ್ಲ ಬಿಸಿಲಿಗೆ ಬೈಯುವ ನಾವು ಈ ನಾಲ್ಕು ದಿನದ ಚಳಿಗೂ ಬೈಯುತ್ತೇವೆ. ಹಿಮ ಅಂದರೆ ನಮ್ಮ ಮಕ್ಕಳಿಗೆ ಫ್ರಿಜ್ಜಿನ ಮೇಲಿನ ಖಾನೆ, ಇಲ್ಲವೇ ಸಿನಿಮಾದ ಹಾಡು. ನಾನೂ ಹಿಮ ಕಂಡವನಲ್ಲ. ಆದರೂ ಇವತ್ತು ಹಿಮದಲ್ಲಿ ನಡೆದು ಬಂದ ಒಬ್ಬ ಭಿಕ್ಕುವಿನ ಬಗ್ಗೆ ಬರೆಯುತ್ತಿದ್ದೇನೆ. ಅವರು ಆ ಬೆಟ್ಟಗಳನ್ನು ದಾಟಿ ಬರದಿದ್ದರೆ ಬಾಬಾಸಾಹೇಬರ ಕೈಗೆ ಒಂದು ಮುಖ್ಯ ಸಾಕ್ಷಿ ಸಿಗುತ್ತಿರಲಿಲ್ಲ.

ಹ್ಯೂಯೆನ್‌ತ್ಸಾಂಗ್ ಹೆಸರು ನಮಗೆಲ್ಲ ಗೊತ್ತು. ಹರ್ಷನ ಕಾಲದಲ್ಲಿ ಬಂದನು, ಇಮ್ಮಡಿ ಪುಲಕೇಶಿಯನ್ನು ಹೊಗಳಿದನು, ಅಷ್ಟು ಬರೆದರೆ ಎರಡು ಅಂಕ. ನಾನೂ ಎಷ್ಟೋ ವರ್ಷ ಹಾಗೇ ಪಾಠ ಮಾಡಿ ಮುಗಿಸಿದ್ದೇನೆ. ಹೇಗೆ ಬಂದರು ಎಂದು ಯಾವ ಹುಡುಗನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸುಮಾರು 629ರಲ್ಲಿ ಅವರು ಚೀನಾದ ಚಾಂಗ್ಆನ್ ಬಿಟ್ಟಾಗ ವಯಸ್ಸು ಮೂವತ್ತೂ ತುಂಬಿರಲಿಲ್ಲ. ಗಡಿ ದಾಟಬಾರದೆಂದು ಅರಸನ ಆಜ್ಞೆ ಇತ್ತು, ಕದ್ದು ಹೊರಟರು. ತಮ್ಮಲ್ಲಿದ್ದ ಗ್ರಂಥಗಳ ಅನುವಾದ ಒಂದಕ್ಕೊಂದು ಹೊಂದುತ್ತಿಲ್ಲ, ಮೂಲವನ್ನೇ ನೋಡಬೇಕು ಎಂಬುದು ಅವರ ಹಟ. ಮರಳುಗಾಡಿನಲ್ಲಿ ನೀರಿನ ಚೀಲ ಕೈಜಾರಿ ನಾಲ್ಕೈದು ದಿನ ನೀರಿಲ್ಲದೆ ನಡೆದದ್ದು ಬೇರೆಯೇ ಕತೆ. ಮುಂದೆ ತುರ್ಫಾನಿನ ಅರಸ ಇವರನ್ನು ತನ್ನಲ್ಲೇ ಗುರುವಾಗಿ ಇಟ್ಟುಕೊಳ್ಳಲು ನೋಡಿದ. ಇವರು ಅನ್ನ ನೀರು ಬಿಟ್ಟು ಕುಳಿತರು. ಕೊನೆಗೆ ಅವನೇ ಸೋತು 30 ಕುದುರೆ, 25 ಆಳು, ದಾರಿಯ ಅರಸರಿಗೆ 24 ಪತ್ರ, ಜೊತೆಗೆ ಮುಖಕ್ಕೆ ಮುಸುಕು, ಕೈಗವಸು, ಬೂಟು, ಕಾಲುಚೀಲ ಕೊಟ್ಟು ಕಳಿಸಿದ. ಮುಂದಿನ ಚಳಿ ಎಂಥದ್ದೆಂದು ಆ ಅರಸನಿಗೆ ಗೊತ್ತಿತ್ತು.

ಕುಚಾ ಎಂಬ ಊರಿಗೆ ಬಂದಾಗ ದಾರಿ ನಿಂತಿತು. ಬೆಟ್ಟದ ಕಣಿವೆದಾರಿ ಹಿಮದಿಂದ ಮುಚ್ಚಿಹೋಗಿತ್ತು. ಮರಳುಗಾಡಿಗೆ ಹೆದರದವರು ಇಲ್ಲಿ ಸುಮಾರು ಎರಡು ತಿಂಗಳು ಕಾದರು. ಈ ಕಾಯುವಿಕೆಯೇ ನನಗೆ ಹೆಚ್ಚು ಇಷ್ಟ. ಗುರಿ ದೊಡ್ಡದಿದೆ ಎಂದು ಹವಾಮಾನ ನಮಗೆ ರಿಯಾಯಿತಿ ಕೊಡುವುದಿಲ್ಲ.

ಆಮೇಲೆ ಹತ್ತಿದ್ದು ತಿಯಾನ್ ಶಾನ್ ಪರ್ವತ. ಅದು ಇಂದಿನ ಚೀನಾ–ಕಿರ್ಗಿಸ್ತಾನ ಗಡಿಯ ಬೆದೆಲ್ ಕಣಿವೆದಾರಿ ಎಂದು ಹಲವು ವಿದ್ವಾಂಸರು ಗುರುತಿಸುತ್ತಾರೆ. ಎತ್ತರ 4,200 ಮೀಟರಿಗೂ ಹೆಚ್ಚು. ಅಲ್ಲಿ ಬೇಸಿಗೆಯಲ್ಲೂ ಹಿಮ ಪೂರ್ತಿ ಹೋಗುವುದಿಲ್ಲ. ಸ್ವಲ್ಪ ಕರಗಿ ಮತ್ತೆ ಹೆಪ್ಪುಗಟ್ಟಿ ಗಟ್ಟಿ ನೀರ್ಗಲ್ಲಾಗುತ್ತದೆ. ದಾರಿಯ ಪಕ್ಕದಲ್ಲಿ ಮನೆಗಿಂತ ಎತ್ತರದ ನೀರ್ಗಲ್ಲಿನ ತುಂಡುಗಳು ಮೇಲಿಂದ ಉರುಳಿ ಬಿದ್ದಿದ್ದವು. ಗಾಳಿ ಎದ್ದರೆ ಹಿಮ ಮೇಲಿಂದ ಬೀಳುತ್ತಿದೆಯೋ ಕೆಳಗಿಂದ ಏಳುತ್ತಿದೆಯೋ ತಿಳಿಯದು. ಉಣ್ಣೆ ಬಟ್ಟೆ ಎರಡು ಪದರ ಹಾಕಿದರೂ ನಡುಕ ನಿಲ್ಲದು. ಒಣಗಿದ ಒಂದು ಮೊಳ ಜಾಗ ಸಿಗದೆ ಪಾತ್ರೆಯನ್ನು ನೇತುಹಾಕಿ ಬೇಯಿಸಿಕೊಂಡರು, ನೀರ್ಗಲ್ಲಿನ ಮೇಲೇ ಚಾಪೆ ಹಾಸಿ ಮಲಗಿದರು.

ಕೆಂಪು ಬಟ್ಟೆ ಉಡಬಾರದು, ಸೋರೆಬುರುಡೆ ಒಯ್ಯಬಾರದು, ಗಟ್ಟಿಯಾಗಿ ಕೂಗಬಾರದು, ಇಲ್ಲದಿದ್ದರೆ ನಾಗಗಳು ಸಿಟ್ಟಾಗಿ ಬಿರುಗಾಳಿ ಎಬ್ಬಿಸುತ್ತವೆ ಎಂಬ ನಂಬಿಕೆ ಅಲ್ಲಿತ್ತು. ಅವರು ಅದನ್ನೂ ಬರೆದಿಟ್ಟಿದ್ದಾರೆ. ಕೂಗಿದರೆ ಹಿಮ ಕುಸಿಯುತ್ತದೆ ಎಂಬುದನ್ನು ಇಂದಿನ ತಜ್ಞರು ಒಪ್ಪುವುದಿಲ್ಲ. ಹೊಸದಾಗಿ ಬಿದ್ದ ಹಿಮದ ಭಾರ, ಗಾಳಿ ತಂದು ಒಂದೇ ಮಗ್ಗುಲಿಗೆ ಒಟ್ಟಿದ ಪದರ, ಬಿಸಿಲಿಗೆ ಸಡಿಲವಾಗುವುದು, ಮೇಲೆ ಮನುಷ್ಯನ ತುಳಿತ, ಇವು ಕಾರಣ. ನಾವು ನಾಗನನ್ನು ಬಿಟ್ಟು ಕಾರಣವನ್ನು ಹಿಡಿಯೋಣ.

ಏಳು ದಿನಕ್ಕೆ ಬೆಟ್ಟ ದಾಟಿದರು. ದಾಟಿದ ಮೇಲೆ ಎಣಿಸಿದರೆ, ಜೊತೆಗಿದ್ದವರಲ್ಲಿ ಹತ್ತಕ್ಕೆ ಮೂರು ನಾಲ್ಕು ಮಂದಿ ಹಸಿವಿಗೂ ಚಳಿಗೂ ಸತ್ತಿದ್ದರು. ಎತ್ತು ಕುದುರೆ ಸತ್ತದ್ದು ಇನ್ನೂ ಹೆಚ್ಚು.

ಕಳೆದ ಭಾನುವಾರ ನಮ್ಮ ಓದಿನಲ್ಲಿ ಇಷ್ಟು ಹೇಳಿದಾಗ ಹಿರಿಯರೊಬ್ಬರು ತಡೆದರು. ವರ್ಷಗಟ್ಟಲೆ ಗುಳೆ ಹೋಗಿ ಕಟ್ಟಡಗಳಿಗೆ ಕಲ್ಲು ಹೊತ್ತವರು ಅವರು. ಸತ್ತವರ ಹೆಸರು ಎಲ್ಲಾದರೂ ಬರೆದಿದ್ದಾರಾ ಎಂದು ಕೇಳಿದರು. ಇಲ್ಲ. ಶಿಷ್ಯ ಹುಯಿಲಿ ಬರೆದ ಜೀವನಚರಿತ್ರೆಯಲ್ಲಿ ಕೊಟ್ಟ ಅರಸನ ಹೆಸರಿದೆ, ಕೊಟ್ಟ ಬಟ್ಟೆಯ ಲೆಕ್ಕವಿದೆ, ಸತ್ತವರು ಹತ್ತಕ್ಕೆ ಮೂರು ನಾಲ್ಕು. ಹಿರಿಯರು ಸುಮ್ಮನಾದರು. ನನಗೂ ಮುಂದೆ ಹೇಳಲು ಸ್ವಲ್ಪ ಹೊತ್ತು ಬಾಯಿ ಬರಲಿಲ್ಲ.

ಬೆಟ್ಟದಾಚೆ ಸಿಕ್ಕಿದ್ದು ಇಸ್ಸಿಕ್ ಕುಲ್ ಸರೋವರ. ಸುತ್ತ ಹಿಮವಿದ್ದರೂ ಅದು ಹೆಪ್ಪುಗಟ್ಟುವುದಿಲ್ಲ, ಹೆಸರಿನ ಅರ್ಥವೇ ಬಿಸಿ ಕೆರೆ. ಆದರೆ ಹಿಂದೂಕುಷ್ ಇನ್ನೂ ಬಾಕಿ ಇತ್ತು. ಅಲ್ಲಿಯ ಕಷ್ಟ ಹಿಂದಿನದಕ್ಕೆ ಎರಡರಷ್ಟು, ಮೋಡ ಒಂದು ಗಳಿಗೆಯೂ ಬಿಡಲಿಲ್ಲ. ಬಾಮಿಯಾನ್ ಬುದ್ಧರನ್ನು (2001ರಲ್ಲಿ ಒಡೆದು ಹಾಕಿದರಲ್ಲ, ಅವೇ) ಕಂಡು ಮುಂದೆ ಹೊರಟ ಎರಡೇ ದಿನಕ್ಕೆ ಹಿಮ ಸುರಿದು ದಾರಿ ತಪ್ಪಿತು. ದಾರಿ ತೋರಿಸಿದವರು ಬೇಟೆಗಾರರು. ಇವರಿಗೂ ಹೆಸರಿಲ್ಲ.

ಹೀಗೆ ಬಂದವರು ನಳಂದದಲ್ಲಿ ವರ್ಷಗಟ್ಟಲೆ ಓದಿದರು, ದಕ್ಷಿಣಕ್ಕೆ ಕಂಚಿಯವರೆಗೆ ಹೋದರು, ಪುಲಕೇಶಿಯ ರಾಜ್ಯವನ್ನೂ ನೋಡಿದರು. ನೋಡಿದ್ದರಲ್ಲಿ ಒಂದನ್ನು ನಾವು ಮರೆಯಬಾರದು. ಕಟುಕರು, ಮೀನುಗಾರರು, ಕುಣಿಯುವವರು, ಮರಣದಂಡನೆ ಜಾರಿ ಮಾಡುವವರು, ಜಾಡಮಾಲಿಗಳು, ಇವರ ಮನೆಗೆ ಗುರುತು ಇರುತ್ತದೆ, ಊರ ಹೊರಗೆ ಇರಬೇಕು, ದಾರಿಯಲ್ಲಿ ಎಡಕ್ಕೆ ಸರಿದು ಅಂಜಿ ನಡೆಯಬೇಕು ಎಂದು ಬರೆದರು. ಬಾಬಾಸಾಹೇಬರು 1948ರ 'ದಿ ಅನ್‌ಟಚಬಲ್ಸ್' ಗ್ರಂಥದಲ್ಲಿ ಅಸ್ಪೃಶ್ಯತೆ ಯಾವಾಗ ಹುಟ್ಟಿತು ಎಂದು ಹುಡುಕುವಾಗ ಈ ಮಾತನ್ನೇ ಕೈಗೆತ್ತಿಕೊಂಡರು. ಕ್ರಿ.ಶ. 200ರಲ್ಲಿ ಅದು ಇರಲಿಲ್ಲ, 600ರ ಹೊತ್ತಿಗೆ ಬಂದಿತ್ತು, ಸುಮಾರು 400ರಲ್ಲಿ ಹುಟ್ಟಿದ್ದು ಎಂದರು. ಹುಟ್ಟಿದ ಕಾಲ ಗೊತ್ತಾದರೆ ಅದು ಅನಾದಿಯಲ್ಲ ಎಂದಾಯಿತು.

ನಮ್ಮಪ್ಪ ಚಿಕ್ಕವನಿದ್ದಾಗ ಒಂದು ಊರಿನಲ್ಲಿ ಅಗಸೆ ದಾಟುವ ಮುಂಚೆ ಚಪ್ಪಲಿ ಕೈಗೆ ತೆಗೆದುಕೊಂಡು ಗೋಡೆ ಪಕ್ಕ ನಡೆಯುತ್ತಿದ್ದನಂತೆ. ಅವ್ವ ಇದನ್ನು ನಗುತ್ತಾ ಹೇಳುತ್ತಿದ್ದಳು. ಏಳನೇ ಶತಮಾನದ ಆ ಬರಹ ಮೊದಲ ಸಲ ಓದಿದಾಗ ನನಗೆ ಕಂಡದ್ದು ಆ ಗೋಡೆ.

644ರಲ್ಲಿ ಅದೇ ಹಿಂದೂಕುಷ್ ಮೇಲೆ ವಾಪಸ್ ಹೊರಟರು. ಈ ಸಲ ಜೊತೆಗೆ ಏಳು ಭಿಕ್ಕುಗಳು, ಇಪ್ಪತ್ತಕ್ಕೂ ಹೆಚ್ಚು ಕೂಲಿಯವರು, ಒಂದು ಆನೆ, ಹತ್ತು ಹೇಸರಗತ್ತೆ, ನಾಲ್ಕು ಕುದುರೆ. ಅಲ್ಲಿ ಒಂದು ನೆತ್ತಿಯ ಮೇಲೆ ಹಕ್ಕಿಗಳೂ ಹಾರಲಾರದೆ ನಡೆದು ದಾಟುತ್ತವೆ ಎಂದು ಬರೆದಿದ್ದಾರೆ. ನಮ್ಮ ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರು ಎರಡು ಸಾವಿರ ವರ್ಷ ಅಲುಗದೆ ಕುಳಿತಿದೆ. ಇವರ ಅಕ್ಷರ ಮಾತ್ರ ಹೆಗಲ ಮೇಲೆ ಸಾಗಬೇಕಿತ್ತು. ಸಿಂಧೂ ನದಿಯಲ್ಲೇ 50 ಹಸ್ತಪ್ರತಿ ನೀರುಪಾಲಾಗಿದ್ದವು. ಉಳಿದ 657 ಗ್ರಂಥಗಳನ್ನು 20 ಕುದುರೆಗಳ ಮೇಲೆ ಹೇರಿಕೊಂಡು 645ರಲ್ಲಿ ಚಾಂಗ್ಆನ್ ಸೇರಿದರು.

ಹಿಮ ಅಲ್ಲಿಗೆ ಮುಗಿಯಲಿಲ್ಲ. ಆ ಬೆಟ್ಟಗಳಲ್ಲಿ ಹತ್ತಿದ ಶೀತದ ಕಾಯಿಲೆ ಕೊನೆಯವರೆಗೂ ಬಿಡಲಿಲ್ಲ, ಬಂದಾಗಲೆಲ್ಲ ಎದೆ ಬಿಗಿದು ಕೂರುತ್ತಿತ್ತು. ಔಷಧಿಯ ಮೇಲೆ ಅದನ್ನು ತಡೆದುಕೊಂಡು ಅನುವಾದ ಮಾಡುತ್ತಿದ್ದರು. 656ರ ಬೇಸಿಗೆಯಲ್ಲಿ ಸೆಖೆ ತಾಳದೆ ತಂಪಿಗೆ ಮೈಯೊಡ್ಡಿದ್ದೇ ನೆಪ, ಕಾಯಿಲೆ ಮತ್ತೆ ಎದ್ದು ಸಾವಿನ ಹತ್ತಿರ ಹೋದರು. ಬೆಟ್ಟ ದಾಟಿ ಇಪ್ಪತ್ತೈದಕ್ಕೂ ಹೆಚ್ಚು ವರ್ಷವಾಗಿತ್ತು. ಅರಸನ ವೈದ್ಯರು ಉಳಿಸಿದರು. ಎದ್ದು ಮತ್ತೆ ಕೆಲಸಕ್ಕೆ ಕೂತರು. 660ರಲ್ಲಿ 600 ಸಂಪುಟಗಳ ಪ್ರಜ್ಞಾಪಾರಮಿತೆಯನ್ನು ಹಿಡಿದು 663ರಲ್ಲಿ ಮುಗಿಸಿದರು. ಮರುವರ್ಷ ತೀರಿಕೊಂಡರು.

ಭಾನುವಾರ ಬರುವಾಗ 'ದಿ ಅನ್‌ಟಚಬಲ್ಸ್' ಕೊನೆಯ ಅಧ್ಯಾಯ ಓದಿಕೊಂಡು ಬನ್ನಿ. ಓದು ಬಾರದ ಹಿರಿಯರಿಗೆ ಮನೆಯ ಮಕ್ಕಳು ಓದಿ ಹೇಳಲಿ. ಚಳಿ ಇದೆ, ಕಂಬಳಿ ತನ್ನಿ.

ಜೈ ಭೀಮ್.