ಕವಿಶಿಷ್ಯ ಪಂಜೆ ಮಂಗೇಶರಾಯರು

ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಕನ್ನಡದ ಮಕ್ಕಳಿಗೆ ಪುಸ್ತಕವೆಂದರೆ ಬಹುಮಟ್ಟಿಗೆ ನೀತಿವಾಕ್ಯಗಳ ಕಂತೆಯಾಗಿತ್ತು. ನಕ್ಕು ನಲಿಯುವ ಕಲ್ಪನೆಗೆ ಅಲ್ಲಿ ಎಡೆಯೇ ಇರಲಿಲ್ಲ. ಈ ಕೊರತೆಯನ್ನು ನೀಗಲು ಮಂಗಳೂರಿನಲ್ಲಿ ಲೇಖನಿ ಹಿಡಿದವರಲ್ಲಿ ಪಂಜೆ ಮಂಗೇಶರಾಯರು ಅಗ್ರಗಣ್ಯರು.

ರಾಯರು ಜನಿಸಿದುದು 1874ರ ಫೆಬ್ರವರಿ 22ರಂದು, ನೇತ್ರಾವತಿಯ ದಂಡೆಯ ಬಂಟವಾಳದಲ್ಲಿ. ಮನೆಮಾತು ಕೊಂಕಣಿ, ಬೀದಿಯ ಮಾತು ತುಳು. ಕನ್ನಡವು ಅವರು ಒಲಿದು ವರಿಸಿದ ಭಾಷೆ. ವಿದ್ಯಾರ್ಥಿದೆಸೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಮನೆಪಾಠ ಹೇಳಿ ಸಂಸಾರದ ಭಾರವನ್ನು ಹೊತ್ತರು. ಮುಂದೆ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ, ಬಳಿಕ ಶಾಲಾ ಇನ್‌ಸ್ಪೆಕ್ಟರರಾಗಿ ದುಡಿದರು. ಇನ್‌ಸ್ಪೆಕ್ಟರರ ಸವಾರಿಯೆಂದರೆ ಶಾಲೆಯೇ ನಡುಗುತ್ತಿದ್ದ ಕಾಲವದು. ಪಂಜೆಯವರಾದರೋ ಮಕ್ಕಳ ನಡುವೆ ನಿಂತು ಕಥೆ ಹೇಳುವರು, ಹಾಡುವರು!

ಅವರ ಕಥಾಲೋಕದಲ್ಲಿ ಆಗದುದೆಂಬುದಿಲ್ಲ. 'ಮೆಣಸಿನ ಕಾಳಪ್ಪ'ನಂಥ ಕಿರುಕಾಯದವನೂ ಅಲ್ಲಿ ನಾಯಕನೇ. 'ಸಿಗಡಿ ಯಾಕೆ ಒಣಗಲಿಲ್ಲ' ಎಂಬ ಕಥೆಯಲ್ಲಿ ಬಿಸಿಲಿಗೆ ಹರವಿದ ಸಿಗಡಿ ಒಣಗದೆ ಉಳಿಯುತ್ತದೆ. ಕಾರಣವನ್ನು ಹುಡುಕುತ್ತ ಹೋದರೆ ಪ್ರತಿಯೊಬ್ಬರೂ ತಪ್ಪನ್ನು ಮತ್ತೊಬ್ಬರ ತಲೆಗೆ ಕಟ್ಟುವವರೇ. (ದೊಡ್ಡವರ ಲೋಕವನ್ನು ಬಲ್ಲವರಿಗೆ ಇದೇನೂ ಹೊಸತಲ್ಲ.) ಕರಾವಳಿಯ ಮನೆಯಂಗಳದ ಸಾಮಾನ್ಯ ನೋಟವೊಂದು ಹೀಗೆ ಅದ್ಭುತಕ್ಕೆ ಬಾಗಿಲಾಗುತ್ತದೆ. 'ಮೂರು ಕರಡಿಗಳು' ಪರದೇಶದಿಂದ ಬಂದ ಕಥೆ. ಅದೂ ಇವರ ಕೈಯಲ್ಲಿ ನಮ್ಮ ಕಾಡಿನ ಕಥೆಯೇ ಆಯಿತು. ಪಾಡ್ದನಗಳ ಅವಳಿ ವೀರರ ಚರಿತೆಯನ್ನು 'ಕೋಟಿ ಚೆನ್ನಯ'ವಾಗಿ ಕನ್ನಡದ ಗದ್ಯಕ್ಕೆ ತಂದವರೂ ಇವರೇ. ಮಕ್ಕಳಿಗಾಗಿ ಬರೆಯುವುದು ಪಂಡಿತರಿಗೆ ತಕ್ಕುದಲ್ಲವೆಂಬ ಭಾವನೆಯಿದ್ದ ದಿನಗಳಲ್ಲಿ, ಪಂಡಿತರೇ ಆಗಿದ್ದ ಪಂಜೆಯವರು ಮಿತ್ರರೊಡನೆ ಬಾಲಸಾಹಿತ್ಯ ಮಂಡಲವನ್ನು ಕಟ್ಟಿ ಅಂಥ ಪುಸ್ತಕಗಳ ಪ್ರಕಟಣೆಗೆ ನಿಂತರು.

1900ರ ಸುಮಾರಿಗೆ ಮಂಗಳೂರಿನ 'ಸುವಾಸಿನಿ' ಪತ್ರಿಕೆಯಲ್ಲಿ ಅವರು ಬರೆದ ಕಥೆಗಳು ಹೊಸಗನ್ನಡದ ಮೊದಲ ಸಣ್ಣಕಥೆಗಳ ಸಾಲಿಗೆ ಸೇರತಕ್ಕವು. ಆದರೆ ಕವಿಶಿಷ್ಯ, ಹರಟೆಮಲ್ಲ ಎಂಬ ಹೆಸರುಗಳ ಮರೆಯಲ್ಲಿ ನಿಂತವರಿಗೆ ಸಲ್ಲಬೇಕಾದ ಮನ್ನಣೆ ಬೇಗನೆ ಸಲ್ಲಲಿಲ್ಲ. ತಮ್ಮನ್ನು ಕವಿಯೆಂದೂ ಕರೆದುಕೊಳ್ಳದೆ, ಕವಿಗಳ ಶಿಷ್ಯನೆಂದಷ್ಟೇ ಕರೆದುಕೊಂಡ ವಿನಯ ಅವರದು.

ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ನಂಟಿನಿಂದ ಹುಟ್ಟಿದ 'ಹುತ್ತರಿ ಹಾಡು' ಕೊಡಗಿನವರ ನಾಲಗೆಯಲ್ಲಿ ನೆಲೆಸಿತು. 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿ ಗೌರವಿಸಿತು. 1937ರ ಅಕ್ಟೋಬರಿನಲ್ಲಿ, ಕಡಲ ತೀರದ ತಮ್ಮ ಊರಿನಿಂದ ದೂರದ ಹೈದರಾಬಾದಿನಲ್ಲಿ ರಾಯರು ಕಣ್ಮುಚ್ಚಿದರು.