ಹದಿನೈದು ವರ್ಷ ಕಾದ ಸಮೀಕರಣ

ಎಂಜಿನಿಯರಿಂಗ್ ಓದುವ ನಮಗೆಲ್ಲ ಫೋರಿಯರ್ ಎಂದರೆ ಗಣಿತದಲ್ಲಿ ಬರುವ ಒಂದು ಸರಣಿ, ಶಾಖ ವರ್ಗಾವಣೆಯ ಮೊದಲ ಅಧ್ಯಾಯದ ಒಂದು ನಿಯಮ. ಆತನ ಬದುಕಿನ ಬಗ್ಗೆ ಓದಿದ ಮೇಲೆ ನನಗೆ ನಿಯಮಕ್ಕಿಂತ ಆತ ಕಾದ ವರ್ಷಗಳೇ ಹೆಚ್ಚು ನೆನಪಿನಲ್ಲಿ ಉಳಿದವು.

ಜೋಸೆಫ್ ಫೋರಿಯರ್ ಹುಟ್ಟಿದ್ದು 1768ರಲ್ಲಿ, ಫ್ರಾನ್ಸಿನ ಓಸೇರ್ ಪಟ್ಟಣದ ದರ್ಜಿಯೊಬ್ಬರ ಮನೆಯಲ್ಲಿ. ಬಾಲ್ಯದಲ್ಲೇ ತಂದೆ–ತಾಯಿ ತೀರಿಕೊಂಡರು. ಗಣಿತದಲ್ಲಿ ಚುರುಕಾಗಿದ್ದ ಹುಡುಗನಿಗೆ ಸೇನೆ ಸೇರುವ ಆಸೆ. ಕುಲೀನ ಮನೆತನದವನಲ್ಲ ಎಂದು ಆ ಬಾಗಿಲು ಮುಚ್ಚಿತು. ಸನ್ಯಾಸಿಯಾಗಲು ಮಠ ಸೇರಿದ, ಬಿಟ್ಟು ಬಂದು ಮೇಷ್ಟ್ರಾದ. ಕ್ರಾಂತಿಯ ಗದ್ದಲದಲ್ಲಿ 1794ರಲ್ಲಿ ಜೈಲನ್ನೂ ಕಂಡ. 1798ರಲ್ಲಿ ನೆಪೋಲಿಯನ್ ಜೊತೆ ಈಜಿಪ್ಟಿಗೆ ಹೋದ. ಮರಳಿ ಬಂದು ಪ್ಯಾರಿಸ್ಸಿನಲ್ಲಿ ಪಾಠ ಮಾಡಿಕೊಂಡಿರಬೇಕು ಎನ್ನುವಷ್ಟರಲ್ಲಿ, 1802ರಲ್ಲಿ ಗ್ರೆನೋಬಲ್‌ನ ಆಡಳಿತಾಧಿಕಾರಿಯಾಗಿ ನೇಮಕವಾಯಿತು. ಹೆಚ್ಚುಕಡಿಮೆ ನಮ್ಮ ಜಿಲ್ಲಾಧಿಕಾರಿಯಂಥ ಹುದ್ದೆ.

ಜೌಗು ನೆಲದ ನೀರು ಬಸಿಯುವುದು, ಟ್ಯುರಿನ್ ಕಡೆಗೆ ರಸ್ತೆ ಮಾಡಿಸುವುದು ಹಗಲಿನ ಕೆಲಸ. ಕಡತಗಳ ನಡುವೆಯೇ ಆತ ಕಬ್ಬಿಣದ ಬಳೆಯೊಂದನ್ನು ಕಾಯಿಸಿ, ಅಲ್ಲಲ್ಲಿ ಥರ್ಮಾಮೀಟರ್ ಇಟ್ಟು, ಬಿಸಿ ಹೇಗೆ ಹರಡುತ್ತದೆಂದು ಅಳೆದ. ಎರಡು ಕಡೆಯ ತಾಪಮಾನದ ಇಳಿಜಾರು ಕಡಿದಾದಷ್ಟೂ ಶಾಖದ ಹರಿವು ಹೆಚ್ಚು ಎಂಬುದನ್ನು ಸಮೀಕರಣವಾಗಿಸಿ 1807ರಲ್ಲಿ ಪ್ಯಾರಿಸ್ಸಿಗೆ ಕಳಿಸಿದ. ಪರಿಶೀಲಿಸಿದವರು ಲಗ್ರಾಂಜ್, ಲಾಪ್ಲಾಸ್ ಮುಂತಾದವರು. ಅವರೂ ನಮ್ಮ ಸಿಲೆಬಸ್ಸಿನಲ್ಲಿರುವವರೇ! ಸರಣಿಯ ವಾದವನ್ನು ಲಗ್ರಾಂಜ್ ಒಪ್ಪಲಿಲ್ಲ. 1811ರ ಸ್ಪರ್ಧೆಗೆ ತಿದ್ದಿ ಕಳಿಸಿದಾಗ ಬಹುಮಾನವೇನೋ ಬಂತು, ಗಣಿತ ಬಿಗಿಯಾಗಿಲ್ಲ ಎಂಬ ಷರಾ ಸಮೇತ. ಪುಸ್ತಕ ಅಚ್ಚಾಗುವ ಹೊತ್ತಿಗೆ 1822 ಬಂದಿತ್ತು.

ಆ ಹೊತ್ತಿಗೆ ಎರಡು ಲೋಹಗಳ ಬೆಸುಗೆ ಬಿಸಿಯಾದರೆ ಕಾಂತಸೂಜಿ ಅಲುಗುವುದನ್ನು ಜರ್ಮನಿಯಲ್ಲಿ ಸೀಬೆಕ್ ಕಂಡಿದ್ದ. 1823ರಲ್ಲಿ ಫೋರಿಯರ್, ಓರ್‌ಸ್ಟೆಡ್ ಜೊತೆ ಸೇರಿ ಬಿಸ್ಮತ್, ಆಂಟಿಮನಿ ತುಂಡುಗಳನ್ನು ಸಾಲಾಗಿ ಬೆಸೆದು ಶಾಖದಿಂದ ವಿದ್ಯುತ್ ಪಡೆಯುವ ಪ್ರಯೋಗ ಮಾಡಿದ. 1830ರಲ್ಲಿ ತೀರಿಕೊಂಡ.

ಇವೆರಡೂ ಕೆಲಸ ಇಂದು ನ್ಯಾನೊ ತಂತಿಗಳಲ್ಲಿ ಒಂದಾಗಿವೆ. ಒಳ್ಳೆಯ ಉಷ್ಣವಿದ್ಯುತ್ ವಸ್ತು ವಿದ್ಯುತ್ತನ್ನು ಬಿಡಬೇಕು, ಶಾಖವನ್ನು ತಡೆಯಬೇಕು. ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ತಂತಿಯನ್ನು ಎರಡು ಪುಟ್ಟ ವೇದಿಕೆಗಳ ನಡುವೆ ತೂಗುಬಿಟ್ಟು, ಒಂದನ್ನು ಕಾಯಿಸಿ ಇನ್ನೊಂದು ಎಷ್ಟು ಬಿಸಿಯಾಯಿತೆಂದು ನೋಡುತ್ತಾರೆ. ಕಬ್ಬಿಣದ ಬಳೆಯ ಉಪಾಯವೇ! ಮೈ ಒರಟಾದ ಸಿಲಿಕಾನ್ ತಂತಿಗಳು ದಪ್ಪ ಸಿಲಿಕಾನಿನ ಸುಮಾರು ನೂರರಲ್ಲಿ ಒಂದು ಪಾಲು ಶಾಖವಾಹಕತೆ ತೋರಿದ್ದು 2008ರಲ್ಲಿ ವರದಿಯಾಯಿತು. ಶಾಖ ಹೊತ್ತ ಕಂಪನಗಳು ತಂತಿಯ ಗೋಡೆಗೆ ಬಡಿದು ಚದುರುವುದೇ ಕಾರಣ. ತೀರಾ ಸಣ್ಣ ಅಳತೆಯಲ್ಲಿ ಫೋರಿಯರ್ ನಿಯಮವೇ ಸೋಲುತ್ತದೆ. ಆದರೆ ಎಷ್ಟು ಸೋತಿತೆಂದು ಹೇಳಲೂ ಅದೇ ನಿಯಮ ಬೇಕು.

ನನಗೆ ಈ ಅಳತೆಯ ಕೆಲಸವೇ ಬೇಕು. ಮನೆಯಲ್ಲಿ ಕೆಎಎಸ್ ಬರೆ ಎನ್ನುತ್ತಾರೆ. ಇದು ಬಂದರೆ ಅದು ಹೋಯಿತು ಎಂದೇ ಇಷ್ಟು ದಿನ ವಾದ ನಡೆದಿತ್ತು. ಗ್ರೆನೋಬಲ್‌ನ ಅಧಿಕಾರಿಯ ಕಥೆ ಅಪ್ಪನಿಗೂ ಹೇಳಿದ್ದೇನೆ. ಮುಂದಿನ ವರ್ಷ ಗೇಟ್ ಅರ್ಜಿಯನ್ನೂ ತುಂಬುತ್ತೇನೆ, ಕೆಎಎಸ್‌ದನ್ನೂ ತುಂಬುತ್ತೇನೆ.