ಶಾಸನಗಳ ಮೇಷ್ಟ್ರು ಬಿ. ಎಲ್. ರೈಸ್

ನಮ್ಮ ಶಾಲೆಯ ಬಗ್ಗೆ ಕನ್ನಡದಲ್ಲಿ ಒಂದು ವಿಶ್ವಕೋಶ ಲೇಖನ ಬರೆಯೋಣವೆಂದು ನಾವು ಕನ್ನಡ ತರಗತಿಯವರು ಒಂದು ಶುಕ್ರವಾರ ಕುಳಿತೆವು. ಅರ್ಧ ಗಂಟೆಯಲ್ಲಿ ಎರಡು ಪುಟ ತುಂಬಿತು. ಸುಪ್ರಸಿದ್ಧ, ಅತ್ಯುತ್ತಮ, ಮಾದರಿ, ಹೆಮ್ಮೆಯ ಎಂಬ ಮಾತುಗಳು ಸಾಲುಸಾಲಿಗೂ ಬಂದಿದ್ದವು. ಆಮೇಲೆ ಯಾರೋ ಒಬ್ಬರು, ಇದನ್ನೆಲ್ಲ ಹೇಳಿದವರು ಯಾರು, ಎಲ್ಲಿ ಅಚ್ಚಾಗಿದೆ ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಶಾಲೆ ಶುರುವಾದ ವರ್ಷದ ಬಗ್ಗೆಯೇ ಎರಡು ಅಭಿಪ್ರಾಯ! ಆಧಾರವಿಟ್ಟು, ಯಾರ ಪಕ್ಷವನ್ನೂ ವಹಿಸದೆ ಬರೆಯುವುದು ಹೇಗೆಂದು ಹುಡುಕುತ್ತಾ ಹೋದಾಗ ನಮಗೆ ಸಿಕ್ಕವರು ಬೆಂಜಮಿನ್ ಲೂಯಿಸ್ ರೈಸ್. ಕನ್ನಡ ನಾಡಿನ ಶಾಸನ ಪಿತಾಮಹರೆಂದು ಅವರ ಹೆಸರನ್ನು ಕೇಳಿದ್ದೆವು. ಅವರು ಮೂಲತಃ ಶಾಲೆಯ ಮೇಷ್ಟ್ರು, ಶಾಲಾ ತನಿಖಾಧಿಕಾರಿ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ.

ರೈಸ್ ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ, 1837ರ ಜುಲೈ 17ರಂದು. ತಂದೆ ಲಂಡನ್ ಮಿಷನ್ನಿನ ಪಾದ್ರಿ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ಚರ್ಚು ಈ ತಂದೆಯ ನೆನಪಿನದು. ಕನ್ನಡ ಸಾಹಿತ್ಯದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆದ ಇ. ಪಿ. ರೈಸ್ ಅವರೂ ಇದೇ ಕುಟುಂಬದವರು. ಇಂಗ್ಲೆಂಡಿನಲ್ಲಿ ಓದು ಮುಗಿಸಿದ ಲೂಯಿಸ್ ರೈಸ್ 1860ರಲ್ಲಿ ಹುಟ್ಟಿದೂರಿಗೆ ಮರಳಿ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಮುಂದೆ ಸೆಂಟ್ರಲ್ ಕಾಲೇಜ್ ಎಂದು ಹೆಸರಾದದ್ದು ಇದೇ ಶಾಲೆ. ಕೆಲವು ವರ್ಷಗಳಲ್ಲೇ ಅವರಿಗೆ ಮೈಸೂರು ಮತ್ತು ಕೊಡಗಿನ ಶಾಲೆಗಳ ತನಿಖೆಯ ಕೆಲಸ ಬಂತು.

ಆಗ ಮೈಸೂರು ಸೀಮೆ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಸರ್ಕಾರಿ ಶಾಲೆಗಳಿದ್ದದ್ದು ಹೆಚ್ಚಾಗಿ ಪಟ್ಟಣಗಳಲ್ಲಿ. ಹಳ್ಳಿಯ ಮಕ್ಕಳಿಗೆ ಜಗಲಿಯ ಮೇಲೆ ನಡೆಯುವ ಕೂಲಿಮಠವೇ ಗತಿ. ಮರಳಿನ ಮೇಲೆ ಅಕ್ಷರ ತಿದ್ದುವುದು, ಮಗ್ಗಿ ಒಪ್ಪಿಸುವುದು, ತಪ್ಪಿದರೆ ಏಟು. 1868ರಲ್ಲಿ ರೈಸ್ ಅವರು ಹೋಬಳಿಗೊಂದು ಶಾಲೆ ಎಂಬ ಯೋಜನೆಯನ್ನು ಸರ್ಕಾರದ ಮುಂದಿಟ್ಟರು. ಪಾಠ ಕನ್ನಡದಲ್ಲೇ. ಮೇಷ್ಟ್ರು ಆದಷ್ಟು ಮಟ್ಟಿಗೆ ಅದೇ ಸೀಮೆಯವರು. ಅವರಿಗೆ ಮೊದಲು ತರಬೇತಿ. ಹೋಬಳಿ ಶಾಲೆಗಳೆಂದು ಹೆಸರಾದ ಇವುಗಳಿಂದ ಮೈಸೂರಿನ ಹಳ್ಳಿಗಾಡಿಗೆ ಸರ್ಕಾರಿ ವಿದ್ಯಾಭ್ಯಾಸ ತಲುಪಿತು. ನಮ್ಮ ಅಜ್ಜ ಅಜ್ಜಿಯರ ಹಿಂದಿನ ತಲೆಮಾರಿನ ಎಷ್ಟು ಜನ ಇಂಥ ಶಾಲೆಗಳಲ್ಲಿ ಅಕ್ಷರ ಕಲಿತರೋ! ರೈಸ್ ಎಂದರೆ ಶಾಸನ ಎನ್ನುವವರು ಈ ಕೆಲಸವನ್ನು ಮರೆತುಬಿಡುತ್ತಾರೆ ಎಂಬುದು ನಮ್ಮ ಸಣ್ಣ ದೂರು.

ಶಾಲೆಗಳನ್ನು ನೋಡಲು ಊರೂರು ತಿರುಗುವಾಗ ಗುಡಿಯ ಅಂಗಳದಲ್ಲಿ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ಬರಹವಿದ್ದ ಕಲ್ಲುಗಳು ಕಾಣುತ್ತಿದ್ದವು. ಹಳಗನ್ನಡದ ಈ ಬರಹಗಳನ್ನು ಓದಬಲ್ಲವರು ತೀರಾ ಕಡಿಮೆ. ಇದೇ ಸಮಯದಲ್ಲಿ ಮೇಜರ್ ಡಿಕ್ಸನ್ ಎಂಬ ಸೈನ್ಯಾಧಿಕಾರಿ ಮೈಸೂರು ಸೀಮೆಯ ಶಾಸನಗಳ ಛಾಯಾಚಿತ್ರ ತೆಗೆದಿದ್ದರು. ಅವನ್ನು ಓದಿ ಅನುವಾದಿಸುವ ಹೊಣೆ ರೈಸ್ ಅವರ ಪಾಲಿಗೆ ಬಂತು. ಪಂಡಿತರನ್ನು ಜೊತೆಗಿಟ್ಟುಕೊಂಡು ಅವರು ಮಾಡಿದ ಕೆಲಸ 1879ರಲ್ಲಿ ಮೈಸೂರು ಶಾಸನಗಳ ಪುಸ್ತಕವಾಗಿ ಹೊರಬಂತು.

ಅದಕ್ಕೂ ಮೊದಲೇ ಅವರು ಒಂದು ಬೃಹತ್ ವಿಶ್ವಕೋಶವನ್ನು ಬರೆದಿದ್ದರು ಎನ್ನಬಹುದು. ಅದು 1876ರಿಂದ 78ರ ನಡುವೆ 3 ಸಂಪುಟಗಳಲ್ಲಿ ಬಂದ ಮೈಸೂರು ಮತ್ತು ಕೊಡಗಿನ ಗ್ಯಾಸೆಟಿಯರ್. ನದಿ, ಬೆಟ್ಟ, ಮಳೆ, ಬೆಳೆ, ಜನ, ಕಸುಬು, ಅರಸುಮನೆತನಗಳು, ಕಂದಾಯ, ವಿದ್ಯಾಭ್ಯಾಸ, ಆಮೇಲೆ ಜಿಲ್ಲೆ ಜಿಲ್ಲೆಯ ಊರುಗಳ ವಿವರ. 1897ರಲ್ಲಿ ಮೈಸೂರಿನ ಭಾಗವನ್ನು ತಿದ್ದಿ ಮತ್ತೆ 2 ಸಂಪುಟಗಳಾಗಿ ಅಚ್ಚು ಮಾಡಿಸಿದರು. 20 ವರ್ಷಗಳಲ್ಲಿ ಓದಿದ ಶಾಸನಗಳಿಂದ ಇತಿಹಾಸದ ಅಧ್ಯಾಯಗಳೇ ಬದಲಾಗಿದ್ದವು. ಹೊಸ ಆಧಾರ ಸಿಕ್ಕಾಗ ತಾವೇ ಬರೆದದ್ದನ್ನು ತಿದ್ದಲು ಅವರು ಹಿಂಜರಿಯಲಿಲ್ಲ ಎಂಬುದು ನಮಗೆ ಬಹಳ ಹಿಡಿಸಿತು.

ಅವರ ದೊಡ್ಡ ಕೆಲಸ ಎಪಿಗ್ರಾಫಿಯಾ ಕರ್ನಾಟಿಕಾ. ಕೊಡಗಿನ ಸಂಪುಟ 1886ರಲ್ಲಿ, ಶ್ರವಣಬೆಳಗೊಳದ್ದು 1889ರಲ್ಲಿ ಬಂದವು. 1890ರಲ್ಲಿ ಪುರಾತತ್ವ ಇಲಾಖೆಯ ಪೂರ್ಣಾವಧಿ ನಿರ್ದೇಶಕರಾದ ಮೇಲೆ ಒಂದೊಂದೇ ಜಿಲ್ಲೆಯ ಸಂಪುಟಗಳು ಹೊರಬಂದು ಒಟ್ಟು 12 ಆದವು. ಸುಮಾರು 9 ಸಾವಿರ ಶಾಸನಗಳು! ಹಳ್ಳಿ ಹಳ್ಳಿಗೆ ಎತ್ತಿನ ಗಾಡಿಯಲ್ಲಿ, ಕುದುರೆಯ ಮೇಲೆ ಹೋಗಬೇಕಾಗಿದ್ದ ಕಾಲವದು ಎಂಬುದನ್ನು ನೆನೆಯಬೇಕು.

ಇವುಗಳಲ್ಲಿ ಶಾಲೆಗಳ ಕಥೆಯೂ ಇದೆ. 1892ರಲ್ಲಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನ ಹತ್ತಿರ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ರೈಸ್ ಅವರು ಅಶೋಕನ ಶಾಸನಗಳನ್ನು ಪತ್ತೆ ಮಾಡಿದರು. ಮೌರ್ಯರ ಆಳ್ವಿಕೆ ಇಲ್ಲಿಯವರೆಗೆ ಬಂದಿತ್ತೆಂದು ಅದರಿಂದ ಖಚಿತವಾಯಿತು. ಶಿಷ್ಯನು ಗುರುವನ್ನು ಗೌರವಿಸಬೇಕೆಂಬ ಮಾತು ಬ್ರಹ್ಮಗಿರಿಯ ಬಂಡೆಯ ಮೇಲಿದೆ. 1894ರಲ್ಲಿ ತಾಳಗುಂದದ ಕಂಬದ ಶಾಸನ ಬೆಳಕಿಗೆ ಬಂತು. ಮಯೂರಶರ್ಮ ತನ್ನ ಗುರುವಿನೊಡನೆ ಕಂಚಿಯ ಘಟಿಕೆಗೆ ಓದಲು ಹೋದದ್ದು, ಅಲ್ಲಿ ಪಲ್ಲವರ ಕಡೆಯವನೊಡನೆ ಜಗಳವಾಗಿ ಓದು ಬಿಟ್ಟು ಕತ್ತಿ ಹಿಡಿದದ್ದು ನಮಗೆ ಗೊತ್ತಾಗಿರುವುದು ಈ ಕಂಬದಿಂದ.

ಎಲ್ಲಕ್ಕಿಂತ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬಳ್ಳಿಗಾವೆಯ ಕೋಡಿಯ ಮಠದ ಶಾಸನ. 1162ರದ್ದು, ಕಲಚುರಿ ಬಿಜ್ಜಳನ ಕಾಲದ್ದು. ಶಿವಮೊಗ್ಗ ಜಿಲ್ಲೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳಲ್ಲಿ ಇದು ಸೇರಿದೆ. ವೇದಗಳು, ವ್ಯಾಕರಣಗಳು, ಷಡ್ದರ್ಶನ, ಯೋಗ, ಪುರಾಣ, ಕಾವ್ಯ, ನಾಟಕ ಇವೆಲ್ಲದರ ಪಾಠ ನಡೆಯುವ ಸ್ಥಳವೆಂದು ಮಠವನ್ನು ಅದು ವರ್ಣಿಸುತ್ತದೆ. ದಿಕ್ಕಿಲ್ಲದವರಿಗೆ, ಕುರುಡರಿಗೆ, ಕುಂಟರಿಗೆ ಅಲ್ಲಿ ಊಟ, ರೋಗಿಗಳಿಗೆ ಔಷಧ. ಒಂದು ಶಾಲೆಯ ಬಗ್ಗೆ ಕಲ್ಲಿನಲ್ಲಿ ಬರೆದ ಲೇಖನವೇ ಇದು. ಆದರೆ ಇದು ದಾನದ ಸಂದರ್ಭದಲ್ಲಿ ಕೊರೆಸಿದ ಹೊಗಳಿಕೆಯ ಬರಹ. ದಾನ ಕೊಟ್ಟವರು ಯಾರು, ಯಾವಾಗ ಎಂಬುದಕ್ಕೆ ಕಲ್ಲು ನೇರ ಸಾಕ್ಷಿ. ಇಷ್ಟೆಲ್ಲ ಪಾಠ ನಿತ್ಯವೂ ಹಾಗೆಯೇ ನಡೆಯುತ್ತಿತ್ತೇ ಎಂಬುದಕ್ಕೆ ಅಷ್ಟೇ ಬಲವಾದ ಸಾಕ್ಷಿಯಲ್ಲ. ನಮ್ಮ ಎರಡು ಪುಟವೂ ಇಂಥದ್ದೇ ಎಂದು ಹೊಳೆದು ನಗು ಬಂತು.

ರೈಸ್ ಅವರು ಎಲ್ಲದರಲ್ಲೂ ಸರಿಯಾಗಿದ್ದರೆಂದಲ್ಲ. ಶ್ರವಣಬೆಳಗೊಳದಲ್ಲಿ ಸುಮಾರು 600ನೆಯ ಇಸವಿಯ ಒಂದು ಶಾಸನ ಭದ್ರಬಾಹುವನ್ನೂ ಪ್ರಭಾಚಂದ್ರನೆಂಬ ಮುನಿಯನ್ನೂ ಹೆಸರಿಸುತ್ತದೆ. ಈ ಪ್ರಭಾಚಂದ್ರನೇ ಚಂದ್ರಗುಪ್ತ ಮೌರ್ಯ ಎಂದು ರೈಸ್ ವಾದಿಸಿದರು. ಚಕ್ರವರ್ತಿ ತೀರಿ ಸುಮಾರು 900 ವರ್ಷ ಕಳೆದ ಮೇಲಿನ ಕಲ್ಲನ್ನು ಇದಕ್ಕೆ ಆಧಾರವೆನ್ನಲಾಗದು ಎಂದು ವಿರೋಧಿಸಿದವರು ಜೆ. ಎಫ್. ಫ್ಲೀಟ್, ಅವರೂ ದೊಡ್ಡ ಶಾಸನತಜ್ಞರೇ. ಗಂಗರ ತಾಮ್ರಪಟಗಳ ವಿಷಯದಲ್ಲೂ ಇಬ್ಬರಿಗೂ ವಾದ. ಹೆಚ್ಚಿನವು ಆಮೇಲೆ ಸೃಷ್ಟಿಸಿದ ನಕಲಿಗಳೆಂದು ಫ್ಲೀಟ್, ಅಲ್ಲವೆಂದು ರೈಸ್. ಮುಂದಿನ ವಿದ್ವಾಂಸರು ಕೆಲವನ್ನು ನಂಬಿದರು, ಕೆಲವನ್ನು ಬಿಟ್ಟರು. ತನ್ನ ನಾಡಿನ ಮೇಲಿನ ಪ್ರೀತಿ ರೈಸ್ ಅವರನ್ನು ಸ್ವಲ್ಪ ಬೇಗ ನಂಬುವಂತೆ ಮಾಡಿತೇನೋ ಎಂದು ನಮಗೆ ಅನ್ನಿಸುತ್ತದೆ. ಆದರೂ ಅವರು ಶಾಸನದ ಪಾಠವನ್ನೇ ಅಚ್ಚು ಮಾಡಿಸಿ ಎಲ್ಲರ ಮುಂದಿಟ್ಟಿದ್ದರಿಂದ, ಒಪ್ಪದವರಿಗೂ ಪರೀಕ್ಷಿಸಿ ನೋಡಲು ದಾರಿಯಿತ್ತು.

ಹಳೆಯ ಕಾವ್ಯಗಳನ್ನೂ ಅವರು ಬಿಡಲಿಲ್ಲ. ಓಲೆಗರಿ ಹುಡುಕಿಸಿ ಪಂಪಭಾರತ, ಪಂಪರಾಮಾಯಣ, ಭಟ್ಟಾಕಳಂಕನ ಶಬ್ದಾನುಶಾಸನಗಳನ್ನು ಸಂಪಾದಿಸಿದರು. ಅವರ ಜೊತೆ ಕೆಲಸ ಮಾಡಿದ ಆರ್. ನರಸಿಂಹಾಚಾರ್ಯರು ಅವರ ನಂತರ ಇಲಾಖೆಯನ್ನು ನಡೆಸಿದರು. ಕರ್ಣಾಟಕ ಕವಿಚರಿತೆ ಬರೆದವರು ಇವರೇ.

1906ರಲ್ಲಿ ನಿವೃತ್ತರಾಗಿ ರೈಸ್ ಅವರು ಇಂಗ್ಲೆಂಡಿಗೆ ಹೋದರು. ಅಲ್ಲಿಂದಲೇ 1909ರಲ್ಲಿ ಶಾಸನಗಳಿಂದ ತಿಳಿದುಬರುವ ಮೈಸೂರು ಮತ್ತು ಕೊಡಗಿನ ಇತಿಹಾಸವನ್ನು ಪ್ರಕಟಿಸಿದರು. 1927ರ ಜುಲೈ 10ರಂದು, 90 ತುಂಬಲು ಒಂದು ವಾರವಿರುವಾಗ ಹ್ಯಾರೋದಲ್ಲಿ ತೀರಿಕೊಂಡರು. ಹಲ್ಮಿಡಿ ಶಾಸನ ಬೆಳಕಿಗೆ ಬಂದದ್ದು ಆಮೇಲೆ. ಅದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

ಅವರ ಸಂಪುಟಗಳಲ್ಲಿ ಓದಿನ ತಪ್ಪುಗಳಿದ್ದವು. ಶ್ರವಣಬೆಳಗೊಳದ ಸಂಪುಟವನ್ನು ನರಸಿಂಹಾಚಾರ್ಯರೇ ಪರಿಷ್ಕರಿಸಿ 1923ರಲ್ಲಿ ಹೊರತಂದರು. 1970ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಮತ್ತೆ ಮೊದಲಿನಿಂದ ಪರಿಷ್ಕರಣೆ ಕೈಗೆತ್ತಿಕೊಂಡಿತು.

ನಮ್ಮ ಎರಡು ಪುಟದಲ್ಲಿ ಈಗ ಉಳಿದಿರುವುದು ಏಳು ವಾಕ್ಯ. ಶಾಲೆ ಶುರುವಾದ ವರ್ಷದ ಜಾಗ ಖಾಲಿ ಇದೆ. ಹಳೆಯ ಹಾಜರಿ ಪುಸ್ತಕ, ಮೊದಲ ವರ್ಷದ ರಸೀದಿ, ಆಗಿನ ಪತ್ರಿಕೆಯ ತುಣುಕು ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಕನ್ನಡ ತರಗತಿಗೆ ತಂದು ತೋರಿಸಿ.